ಅಭ್ಯಾಸಬಲವೂ ಸಂಕಲ್ಪಬಲವೂ

ನವರಾತ್ರಿಯ ಒಂಬತ್ತನೆಯ ದಿನ ಆಯುಧಪೂಜೆ. ಅಂದು ರೈತನು ನೇಗಿಲಿಗೆ, ಬಡಗಿಯು ಉಳಿಗೆ, ಲೆಕ್ಕಿಗನು ಲೆಕ್ಕದ ಪುಸ್ತಕಕ್ಕೆ, ಗಾಯಕನು ತಂಬೂರಿಗೆ ಅರಿಶಿನ ಕುಂಕುಮವಿಟ್ಟು ಕೈಮುಗಿಯುತ್ತಾನೆ. ಆ ಒಂದು ದಿನ ಉಪಕರಣಗಳಿಗೆ ವಿಶ್ರಾಂತಿ. ಮರುದಿನ ವಿಜಯದಶಮಿಯಂದು ಅವುಗಳನ್ನು ಮತ್ತೆ ಕೈಗೆತ್ತಿಕೊಂಡಾಗಲೇ ಪೂಜೆ ಪೂರ್ಣವಾಗುತ್ತದೆ. ಹಿರಿಯರು ಈ ಎರಡು ದಿನಗಳನ್ನು ಒಂದಕ್ಕೊಂದು ಜೋಡಿಸಿಟ್ಟುದರಲ್ಲಿ ಆಳವಾದ ಅರ್ಥವಿದೆ. ವರ್ಷದುದ್ದಕ್ಕೂ ಮಸೆಯದೆ ಮೂಲೆಯಲ್ಲಿ ತುಕ್ಕು ಹಿಡಿದ ಆಯುಧಕ್ಕೆ ಒಂದು ದಿನ ಹೂವೇರಿಸಿದ ಮಾತ್ರಕ್ಕೆ ಅದು ಹರಿತವಾಗದು. ಪೂಜೆಯು ಶ್ರದ್ಧೆಯನ್ನು ಕೊಡುತ್ತದೆ. ಹರಿತವನ್ನು ಕೊಡುವುದು ಅಭ್ಯಾಸ.

ಮನುಷ್ಯನಿಗೆ ದೊರೆತಿರುವ ಆಯುಧಗಳಲ್ಲಿ ಮನಸ್ಸೇ ಶ್ರೇಷ್ಠವಾದುದು. ಅದನ್ನು ಮಸೆಯುವ ಬಗೆ ಯಾವುದು? ಇತ್ತೀಚೆಗೆ ಪುಸ್ತಕದಂಗಡಿಗಳಲ್ಲಿ, ಭಾಷಣವೇದಿಕೆಗಳಲ್ಲಿ ಒಂದು ಸುಲಭೋಪಾಯವು ಪ್ರಚಾರದಲ್ಲಿದೆ: ‘ನಾನು ಸಮರ್ಥ, ನಾನು ಗೆದ್ದೇ ಗೆಲ್ಲುತ್ತೇನೆ’ ಎಂದು ಪ್ರತಿನಿತ್ಯ ತನಗೆ ತಾನೇ ಹೇಳಿಕೊಂಡರೆ ಯಶಸ್ಸು ತಾನಾಗಿ ಒಲಿಯುವುದೆಂದು. ಈ ಮಾತಿನಲ್ಲಿ ಸತ್ಯಾಂಶವೆಷ್ಟು, ಭ್ರಮೆಯೆಷ್ಟು ಎಂಬುದನ್ನು ನಮ್ಮ ಶಾಸ್ತ್ರಗಳ ಬೆಳಕಿನಲ್ಲಿಯೂ, ಕಣ್ಣೆದುರಿನ ನಿದರ್ಶನಗಳಿಂದಲೂ ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಬಂಧುವೂ ವೈರಿಯೂ ಆದ ಮನಸ್ಸು

ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನು ತನ್ನ ಕಷ್ಟವನ್ನು ಮುಚ್ಚುಮರೆಯಿಲ್ಲದೆ ತೋಡಿಕೊಳ್ಳುತ್ತಾನೆ. ಮನಸ್ಸನ್ನು ಹಿಡಿದು ನಿಲ್ಲಿಸುವುದು ಗಾಳಿಯನ್ನು ಕಟ್ಟಿಹಾಕಿದಷ್ಟೇ ದುಸ್ಸಾಧ್ಯವೆಂಬುದು ಅವನ ಅಳಲು. ಹೀಗೆ ಹೇಳಿದವನು ಸಾಮಾನ್ಯನಲ್ಲ. ಬಿಲ್ವಿದ್ಯೆಯಲ್ಲಿ ಏಕಾಗ್ರತೆಗೆ ಹೆಸರಾದ ಗಾಂಡೀವಿ. ಅಂಥವನಿಗೂ ಮನಸ್ಸು ಕೈಗೆ ಸಿಗದೆ ಜಾರುತ್ತಿತ್ತೆಂದ ಮೇಲೆ ನಮ್ಮಂಥವರು ನಾಚಬೇಕಾದುದಿಲ್ಲ. ಶ್ರೀಕೃಷ್ಣನು ಆ ಮಾತನ್ನು ಅಲ್ಲಗಳೆಯಲಿಲ್ಲ. ಕಷ್ಟವನ್ನು ಕಷ್ಟವೆಂದೇ ಒಪ್ಪಿಕೊಂಡು, ಎರಡು ಸಾಧನಗಳನ್ನು ತಿಳಿಸಿದನು: ಒಂದು ಅಭ್ಯಾಸ, ಇನ್ನೊಂದು ವೈರಾಗ್ಯ. ಅದೇ ಅಧ್ಯಾಯದ ಮೊದಲ ಭಾಗದಲ್ಲಿ, ಮನುಷ್ಯನು ತನ್ನನ್ನು ತಾನೇ ಮೇಲೆತ್ತಿಕೊಳ್ಳಬೇಕು, ಕುಗ್ಗಿಸಿಕೊಳ್ಳಬಾರದು, ತನಗೆ ತಾನೇ ಬಂಧುವೂ ವೈರಿಯೂ ಆಗಬಲ್ಲನು ಎಂಬ ಉಪದೇಶವಿದೆ. ತನ್ನೊಡನೆ ತಾನು ಆಡಿಕೊಳ್ಳುವ ಮಾತಿಗೆ ಇದಕ್ಕಿಂತ ಪ್ರಾಚೀನವಾದ ಸಮರ್ಥನೆ ಬೇಕಿಲ್ಲ. ‘ನನ್ನಿಂದ ಇದು ಆಗದು’ ಎಂದು ನಿತ್ಯವೂ ಒಳಗೊಳಗೇ ಗೊಣಗುವವನು ವೈರಿಯನ್ನು ಮನೆಯಲ್ಲಿಟ್ಟುಕೊಂಡು ಸಾಕುತ್ತಾನೆ.

ಪತಂಜಲಿ ಮಹರ್ಷಿಗಳು ಯೋಗಸೂತ್ರದ ಪ್ರಥಮ ಪಾದದಲ್ಲಿ ಅಭ್ಯಾಸವು ದೃಢವಾಗಲು ಮೂರು ಲಕ್ಷಣಗಳನ್ನು ಹೇಳಿದ್ದಾರೆ. ಅದು ದೀರ್ಘಕಾಲ ನಡೆಯಬೇಕು, ನಡುವೆ ಕಡಿಯಬಾರದು, ಆದರದಿಂದ ಕೂಡಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಅಡಿಪಾಯ ಸಡಿಲ. ನಾಲ್ಕು ದಿನ ಉತ್ಸಾಹದಿಂದ ಮಾಡಿ ಬಿಟ್ಟವನಿಗೆ ದೀರ್ಘಕಾಲವಿಲ್ಲ. ಮನಸ್ಸು ಬಂದಾಗ ಮಾಡುವವನಿಗೆ ನಿರಂತರತೆಯಿಲ್ಲ. ಗೊಣಗುತ್ತ ಮಾಡುವವನಿಗೆ ಆದರವಿಲ್ಲ. ಎರಡನೆಯ ಪಾದದಲ್ಲಿ ‘ಪ್ರತಿಪಕ್ಷಭಾವನೆ’ ಎಂಬ ಉಪಾಯವೂ ಬರುತ್ತದೆ. ಕೆಟ್ಟ ಯೋಚನೆಗಳು ಮುತ್ತಿದಾಗ ಅವುಗಳಿಗೆ ಎದುರಾದ ಭಾವನೆಯನ್ನು ಪ್ರಯತ್ನಪೂರ್ವಕವಾಗಿ ತಂದುಕೊಳ್ಳುವುದೇ ಅದು. ಇಂದಿನವರು ಹೊಸತೆಂದು ಹೇಳುವ ಉಪಾಯವು ನಮ್ಮಲ್ಲಿ ಹಳೆಯ ಪಾಠ.

ಸಂಕಲ್ಪದ ಪಾಠ

ಹಾಗಾದರೆ ಮನಸ್ಸಿಗೆ ಹೇಳುವ ಮಾತು ಎಂಥದಿರಬೇಕು? ಇದರ ಉತ್ತರವು ಪ್ರತಿ ಮನೆಯ ಪೂಜೆಯ ಆರಂಭದಲ್ಲಿಯೇ ಇದೆ. ಪೂಜೆಗೆ ಕುಳಿತವನು ಮೊದಲು ಸಂಕಲ್ಪ ಮಾಡುತ್ತಾನೆ. ಅದರಲ್ಲಿ ತಾನು ಯಾವ ದೇಶದಲ್ಲಿ, ಯಾವ ಸಂವತ್ಸರ, ಯಾವ ಮಾಸ, ಯಾವ ತಿಥಿಯಲ್ಲಿ ಕುಳಿತಿದ್ದೇನೆಂಬುದನ್ನೂ, ತನ್ನ ಗೋತ್ರನಾಮಗಳನ್ನೂ ಹೇಳಿ, ಕೊನೆಗೆ ‘ಕರಿಷ್ಯೇ’ ಎನ್ನುತ್ತಾನೆ. ಕರ್ನಾಟಕದಲ್ಲಿ ಇದ್ದಾಗ ಗೋದಾವರಿಯ ದಕ್ಷಿಣ ತೀರವೆಂದು ಹೇಳುತ್ತಿದ್ದವನು ನಾಗಪುರಕ್ಕೆ ಬಂದು ನೆಲಸಿದ ಮೇಲೆ ಉತ್ತರ ತೀರವೆಂದು ಬದಲಿಸಿಕೊಳ್ಳಬೇಕಾಗುತ್ತದೆ. ಬಾಯಿಪಾಠದಲ್ಲಿ ದಕ್ಷಿಣವೆಂದೇ ನಾಲಗೆ ಹೊರಳಿದರೂ ಪುರೋಹಿತರು ತಿದ್ದುತ್ತಾರೆ. ಇದು ಕೇವಲ ಭೂಗೋಳದ ಮಾತಲ್ಲ. ಸಂಕಲ್ಪವು ಸತ್ಯದಿಂದ ಆರಂಭವಾಗಬೇಕು. ತಾನು ನಿಂತಿರುವ ನೆಲ ಯಾವುದೆಂದು ಮೊದಲು ಒಪ್ಪಿಕೊಳ್ಳಬೇಕು.

‘ಕರಿಷ್ಯೇ’ ಎಂಬ ಪದವೂ ಗಮನಾರ್ಹವಾದುದು. ಅದು ಭವಿಷ್ಯತ್ಕಾಲದ ಕ್ರಿಯಾಪದ. ‘ಮಾಡುವೆನು’ ಎಂದು ಅರ್ಥ. ಫಲವು ತನಗೇ ಸಲ್ಲುವ ಕ್ರಿಯೆಗೆ ಬಳಸುವ ಆತ್ಮನೇಪದದ ರೂಪವಿದು. ಬೇರೆಯವರಿಗಾಗಿ ಮಾಡುವಾಗ ‘ಕರಿಷ್ಯಾಮಿ’ ಎನ್ನುವುದು ರೂಢಿ. ಸಂಕಲ್ಪದಲ್ಲಿ ‘ನಾನು ಆಗಲೇ ಪುಣ್ಯವಂತನಾಗಿದ್ದೇನೆ’ ಎಂಬ ಜಂಬವಿಲ್ಲ. ‘ಫಲವು ಬಂದೇ ಬರುತ್ತದೆ’ ಎಂಬ ಭವಿಷ್ಯವಾಣಿಯೂ ಇಲ್ಲ. ಫಲವನ್ನು ದೇವರಲ್ಲಿ ಬೇಡುತ್ತಾನೆ, ಕಾರ್ಯವನ್ನು ತನ್ನ ಮೇಲೆ ಹೊತ್ತುಕೊಳ್ಳುತ್ತಾನೆ. ತನ್ನ ಮನಸ್ಸಿಗೆ ಹೇಳಿಕೊಳ್ಳುವ ಮಾತಿಗೆ ಇದಕ್ಕಿಂತ ಒಳ್ಳೆಯ ಮಾದರಿ ದೊರೆಯದು.

ಈಚಿನ ಮನಶ್ಶಾಸ್ತ್ರವೂ ಇದನ್ನೇ ಪುಷ್ಟೀಕರಿಸುತ್ತದೆ. 2009ರಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜೋಆನ್ ವುಡ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಆತ್ಮವಿಶ್ವಾಸ ಕಡಿಮೆಯಿದ್ದವರು ತಮ್ಮನ್ನು ತಾವು ಹೊಗಳಿಕೊಳ್ಳುವ ವಾಕ್ಯವನ್ನು ಪುನಃ ಪುನಃ ಹೇಳಿಕೊಂಡಾಗ ಅವರ ಮನಃಸ್ಥಿತಿ ಸುಧಾರಿಸುವುದಕ್ಕೆ ಬದಲಾಗಿ ಮತ್ತಷ್ಟು ಕುಗ್ಗಿತೆಂದು ಕಂಡುಬಂದಿತು. ಕಾರಣ ಸ್ಪಷ್ಟ. ಬಾಯಿ ಹೇಳಿದ್ದನ್ನು ಒಳಮನಸ್ಸು ನಂಬಲಿಲ್ಲ. ನಂಬಿಕೆಯನ್ನು ಹುಟ್ಟಿಸುವುದು ಸ್ವಂತ ಕೃತಿ. ಕೃತಿಯಿಲ್ಲದ ಮಾತು ಬೆಂಬಲಹಣವಿಲ್ಲದ ಚೆಕ್ಕಿನಂತೆ, ಬರೆದಾಗ ದೊಡ್ಡದು, ಹಾಜರುಪಡಿಸಿದಾಗ ವಾಪಸು.

ಸರಳೆಯಿಂದ ಸಿದ್ಧಿಗೆ

ಅಭ್ಯಾಸದ ಮಹಿಮೆಯನ್ನು ಕನ್ನಡನಾಡಿನಲ್ಲಿ ಶಾಸ್ತ್ರೀಯವಾಗಿ ನೆಲೆಗೊಳಿಸಿದವರು ಶ್ರೀ ಪುರಂದರದಾಸರು. ಅವರನ್ನು ಕರ್ನಾಟಕ ಸಂಗೀತ ಪಿತಾಮಹರೆಂದು ಕರೆಯುವುದು ಅವರ ಕೀರ್ತನೆಗಳಿಗಾಗಿ ಮಾತ್ರವಲ್ಲ. ಮಾಯಾಮಾಳವಗೌಳ ರಾಗದಲ್ಲಿ ಸರಳೆವರಸೆ, ಜಂಟಿವರಸೆ, ಅಲಂಕಾರ, ಗೀತೆ ಎಂಬ ಪಾಠಕ್ರಮವನ್ನು ಹಾಕಿಕೊಟ್ಟವರು ಅವರೇ ಎಂಬುದು ಸಂಪ್ರದಾಯ. ಇಂದಿಗೂ ಮಗುವು ಆ ಏಳು ಸ್ವರಗಳ ಏರಿಳಿತವನ್ನು ಮೂರು ಕಾಲಗಳಲ್ಲಿ ಹಾಡಿಯೇ ಮುಂದಿನ ಪಾಠಕ್ಕೆ ಹೋಗಬೇಕು. ಮುಂದೆ ಮಹಾವಿದ್ವಾಂಸರಾಗುವವರಿಗೂ ಬಾಗಿಲು ಅದೊಂದೇ. ಪಾಠವು ಸಣ್ಣದು, ಪುನರಾವೃತ್ತಿ ದೊಡ್ಡದು: ಇದೇ ದಾಸರ ಬೋಧನಾಕ್ರಮದ ತಿರುಳು.

ದಾಸವಾಣಿಯನ್ನು ಹಿಂದುಸ್ತಾನಿ ಪದ್ಧತಿಯಲ್ಲಿ ಹಾಡಿ ಮನೆಮಾತಾಗಿಸಿದ ಪಂಡಿತ ಭೀಮಸೇನ ಜೋಶಿಯವರ ಜೀವನವೂ ಇದಕ್ಕೆ ಸಾಕ್ಷಿ. ಅವರು 1922ರಲ್ಲಿ ಗದಗ ಸೀಮೆಯಲ್ಲಿ ಜನಿಸಿದರು. 1933ರಲ್ಲಿ, ಇನ್ನೂ ಬಾಲಕನಾಗಿರುವಾಗಲೇ, ಗುರುವನ್ನು ಅರಸಿ ಮನೆ ಬಿಟ್ಟು ಉತ್ತರ ಭಾರತವನ್ನೆಲ್ಲ ಅಲೆದರು. ಕೊನೆಗೆ ಗುರು ದೊರೆತದ್ದು ಹುಟ್ಟೂರಿಗೆ ಸಮೀಪದ ಕುಂದಗೋಳದಲ್ಲಿ, ಸವಾಯಿ ಗಂಧರ್ವರ ಸನ್ನಿಧಿಯಲ್ಲಿ. ಅಲೆದಾಟದಲ್ಲಿ ಹಂಬಲವಿತ್ತು; ಹಂಬಲಕ್ಕೆ ಫಲ ಬಂದದ್ದು ಗುರುಮನೆಯ ವರ್ಷಗಟ್ಟಲೆ ಸ್ವರಸಾಧನೆಯಿಂದ. 2008ರಲ್ಲಿ ‘ಭಾರತರತ್ನ’ವು ಅವರನ್ನು ಅರಸಿ ಬಂದಿತು.

ದೇಹವೇ ಅಡ್ಡಬಂದಾಗ ಏನು ಗತಿ ಎನ್ನುವವರು ಮೈಸೂರಿನಲ್ಲಿ ಜನಿಸಿದ ಬಿ. ಎಸ್. ಚಂದ್ರಶೇಖರರನ್ನು ನೆನೆಯಬೇಕು. ಬಾಲ್ಯದಲ್ಲಿ ಪೋಲಿಯೋ ರೋಗವು ಅವರ ಬಲಗೈಯನ್ನು ಕೃಶಗೊಳಿಸಿತು. ಅವರು ಚೆಂಡನ್ನು ಎಸೆಯಲು ಎಡಗೈಯನ್ನು ಬಳಸಿದರೂ ಬೌಲಿಂಗ್ ಮಾಡಿದ್ದು ಆ ಕೃಶವಾದ ಬಲಗೈಯಿಂದಲೇ. 1971ರಲ್ಲಿ ಓವಲ್ ಮೈದಾನದಲ್ಲಿ 38 ಓಟಗಳಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡಿನ ನೆಲದಲ್ಲಿ ಭಾರತದ ಮೊದಲ ಸರಣಿ ವಿಜಯಕ್ಕೆ ಕಾರಣರಾದರು. 58 ಟೆಸ್ಟ್‌ಗಳಲ್ಲಿ 242 ವಿಕೆಟ್‌ಗಳು ಅವರ ಪಾಲಿನವು. ಕೊರತೆಯಿದ್ದ ಕೈಯೇ ಅಭ್ಯಾಸದಿಂದ ಆಯುಧವಾಯಿತು.

ನಾಗಪುರದಲ್ಲಿ ಕಂಡ ನಿದರ್ಶನ

ಇವೆಲ್ಲ ದೂರದ ಅಥವಾ ಹಿಂದಿನ ಕಾಲದ ಕಥೆಗಳೆಂದು ತೋರಿದರೆ, ನಾಗಪುರದ ಕನ್ನಡಿಗರು ತಮ್ಮ ಊರಿನ ವರ್ಧಾ ರಸ್ತೆಯಲ್ಲಿರುವ ಜಾಮಠಾ ಮೈದಾನದ ಕಡೆಗೆ ನೋಡಬಹುದು.

ಬೆಂಗಳೂರಿನಲ್ಲಿ ಬೆಳೆದು ಕರ್ನಾಟಕದ ಪರವಾಗಿ ಆಡಿದ ಕರುಣ್ ನಾಯರ್ ಅವರು 2016ರ ಡಿಸೆಂಬರಿನಲ್ಲಿ, ಇಂಗ್ಲೆಂಡಿನ ವಿರುದ್ಧ ಚೆನ್ನೈಯಲ್ಲಿ, ತಮ್ಮ ಮೂರನೆಯ ಟೆಸ್ಟ್ ಪಂದ್ಯದಲ್ಲಿಯೇ ಔಟಾಗದೆ 303 ಓಟ ಗಳಿಸಿದರು. ವೀರೇಂದ್ರ ಸೆಹ್ವಾಗ್ ಅವರ ಬಳಿಕ ಟೆಸ್ಟಿನಲ್ಲಿ ತ್ರಿಶತಕ ಬಾರಿಸಿದ ಎರಡನೆಯ ಭಾರತೀಯರು ಅವರು. ಕೀರ್ತಿಶಿಖರವನ್ನು ಏರಿದ ಕೆಲವೇ ತಿಂಗಳುಗಳಲ್ಲಿ, 2017ರ ಮಾರ್ಚಿನ ಧರ್ಮಶಾಲಾ ಪಂದ್ಯದ ನಂತರ, ಅವರು ಭಾರತದ ಹನ್ನೊಂದರ ಬಳಗದಿಂದ ಹೊರಗಾದರು. 2022ರಲ್ಲಿ ಕರ್ನಾಟಕದ ತಂಡದಲ್ಲಿಯೂ ಸ್ಥಾನ ಉಳಿಯಲಿಲ್ಲ. ದೇಶದ ತಂಡವೂ ಇಲ್ಲ, ನಾಡಿನ ತಂಡವೂ ಇಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಅವರು ಸಾರ್ವಜನಿಕವಾಗಿ, ಕ್ರಿಕೆಟ್ ಆಟವನ್ನೇ ಪ್ರೀತಿಯಿಂದ ಸಂಬೋಧಿಸಿ, ತನಗೆ ಇನ್ನೊಂದು ಅವಕಾಶ ಕೊಡೆಂದು ಒಂದೇ ಸಾಲಿನಲ್ಲಿ ಕೋರಿಕೊಂಡರು.

ಆ ಕೋರಿಕೆಯನ್ನು ಸಂಕಲ್ಪದ ಲಕ್ಷಣಗಳಿಗೆ ಹೋಲಿಸಿ ನೋಡಬಹುದು. ಅದರಲ್ಲಿ ತನ್ನ ಸ್ಥಿತಿಯನ್ನು ಮರೆಮಾಚಿಲ್ಲ. ಅವಕಾಶ ಕೈತಪ್ಪಿದೆಯೆಂಬ ಸತ್ಯವು ಅಲ್ಲಿಯೇ ಇದೆ. ಯಾರನ್ನೂ ದೂರಿಲ್ಲ. ಕೇಳಿದ್ದು ಕಾರ್ಯಕ್ಕೆ ಎಡೆಯನ್ನು. ಬಿರುದನ್ನಾಗಲಿ ಓಟಗಳನ್ನಾಗಲಿ ಅಲ್ಲ. ಅದಕ್ಕಿಂತ ಮುಖ್ಯವಾದುದೆಂದರೆ, ಮಾತು ಮುಗಿದ ಮೇಲೆ ಕೆಲಸ ಆರಂಭವಾಯಿತು. 2023ರಲ್ಲಿ ಅವರು ಇಂಗ್ಲೆಂಡಿನ ನಾರ್ತಾಂಪ್ಟನ್‌ಷೈರ್ ಕೌಂಟಿಗೆ ಆಡಿದರು. ತಾವು ಬೆಳೆದ ನಾಡನ್ನು ಬಿಟ್ಟು ವಿದರ್ಭದ ತಂಡವನ್ನು ಸೇರಿದರು. ಮೂವತ್ತು ದಾಟಿದ, ತ್ರಿಶತಕದ ಹೆಸರು ಹೊತ್ತ ಆಟಗಾರನು ಪರಸ್ಥಳದಲ್ಲಿ ಹೊಸಬನಾಗಿ ನಿಂತು ಮತ್ತೆ ಸರಳೆವರಸೆಯಿಂದ ತೊಡಗುವುದು ಸಣ್ಣ ಮಾತಲ್ಲ. ಉದ್ಯೋಗನಿಮಿತ್ತ ಊರು ಬಿಟ್ಟು ಬಂದು, ಹೊಸ ಭಾಷೆ, ಹೊಸ ಜನರ ನಡುವೆ ಮೊದಲಿನಿಂದ ಬದುಕು ಕಟ್ಟಿಕೊಂಡ ಕನ್ನಡಿಗರಿಗೆ ಅದರ ಭಾರ ಎಷ್ಟೆಂಬುದು ಗೊತ್ತು.

2024-25ರ ವಿಜಯ್ ಹಜಾರೆ ಪಂದ್ಯಾವಳಿಯಲ್ಲಿ ವಿದರ್ಭದ ನಾಯಕರಾಗಿ ಅವರು ಎಂಟು ಸರದಿಗಳಲ್ಲಿ ಐದು ಶತಕಗಳೊಂದಿಗೆ 779 ಓಟ ಗಳಿಸಿದರು. ಒಮ್ಮೆಯೂ ಔಟಾಗದೆ ಸತತವಾಗಿ ಕೂಡಿಸಿದ 542 ಓಟಗಳು ಆ ಬಗೆಯ ಪಂದ್ಯಗಳಲ್ಲಿ ವಿಶ್ವದಾಖಲೆ. ಆದರೆ ವಡೋದರದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ವಿದರ್ಭವನ್ನು ಸೋಲಿಸಿದ್ದು ಬೇರಾರೂ ಅಲ್ಲ, ಕರ್ನಾಟಕವೇ. ನಾಗಪುರದ ಕನ್ನಡಿಗರ ಮನೆಗಳಲ್ಲಿ ಅಂದು ಯಾರಿಗೆ ಜಯಕಾರ ಹಾಕಬೇಕೆಂಬ ಧರ್ಮಸಂಕಟವಾಗಿದ್ದರೆ ಆಶ್ಚರ್ಯವಿಲ್ಲ. ಮರುತಿಂಗಳ ಕೊನೆಗೆ ಜಾಮಠಾದಲ್ಲಿ ಕೇರಳದ ವಿರುದ್ಧ ರಣಜಿ ಅಂತಿಮ ಪಂದ್ಯ. 24 ಓಟಗಳಿಗೆ 3 ವಿಕೆಟ್ ಬಿದ್ದು ವಿದರ್ಭ ತತ್ತರಿಸಿದಾಗ ಕರುಣ್ ಅವರು ತರುಣ ಆಟಗಾರ ದಾನಿಶ್ ಮಾಲೇವಾರ್ ಅವರೊಡನೆ 215 ಓಟಗಳ ಜತೆಯಾಟ ಕಟ್ಟಿದರು. ಮೊದಲ ಸರದಿಯಲ್ಲಿ 86, ಎರಡನೆಯದರಲ್ಲಿ 135. ಶತಕ ಮುಟ್ಟಿದಾಗ ಅವರು ಒಂಬತ್ತು ಬೆರಳುಗಳನ್ನೆತ್ತಿ ತೋರಿಸಿದರು. ಆ ಋತುವಿನ ಒಂಬತ್ತನೆಯ ಶತಕವದು. ಮೊದಲ ಸರದಿಯ ಮುನ್ನಡೆಯಿಂದ 2025ರ ಮಾರ್ಚ್ 2ರಂದು ವಿದರ್ಭವು ಮೂರನೆಯ ಬಾರಿ ರಣಜಿ ಪಾರಿತೋಷಕವನ್ನು ಗೆದ್ದಿತು. 2025ರ ಜೂನಿನಲ್ಲಿ, ಎಂಟು ವರ್ಷಗಳಿಗೂ ಮಿಕ್ಕಿದ ಅಂತರದ ಬಳಿಕ, ಕರುಣ್ ಅವರು ಲೀಡ್ಸ್‌ನಲ್ಲಿ ಮತ್ತೆ ಭಾರತದ ಪರವಾಗಿ ಟೆಸ್ಟ್ ಆಡಲಿಳಿದರು.

ವಿದರ್ಭ ತಂಡದ ಕಥೆಯೂ ಇಂಥದೇ. 1957-58ರಿಂದ ರಣಜಿಯಲ್ಲಿ ಆಡುತ್ತ ಬಂದ ಆ ತಂಡವನ್ನು ದೊಡ್ಡ ತಂಡಗಳು ದಶಕಗಟ್ಟಲೆ ಲೆಕ್ಕಕ್ಕಿಟ್ಟಿರಲಿಲ್ಲ. 2017-18ರಲ್ಲಿ, ಕೋಲ್ಕತ್ತದ ಉಪಾಂತ್ಯದಲ್ಲಿ ಕರ್ನಾಟಕವನ್ನು ಕೇವಲ 5 ಓಟಗಳಿಂದ ಸೋಲಿಸಿ, ಅನಂತರ ಇಂದೋರಿನಲ್ಲಿ ದೆಹಲಿಯನ್ನು ಮಣಿಸಿ ಮೊದಲ ಬಾರಿ ಪಾರಿತೋಷಕವೆತ್ತಿತು. ಆ ತಂಡದಲ್ಲಿಯೂ ಒಬ್ಬ ಕನ್ನಡಿಗರಿದ್ದರು, ದಾವಣಗೆರೆಯ ಗಣೇಶ್ ಸತೀಶ್. ಅರುವತ್ತು ವರ್ಷಗಳ ದೀರ್ಘಕಾಲದ ಅಭ್ಯಾಸಕ್ಕೆ ಇದಕ್ಕಿಂತ ಸಮೀಪದ ಉದಾಹರಣೆ ಬೇಕೆ?

ಫಲ ಕೈಗೂಡದಿದ್ದಾಗ

ಇಲ್ಲಿಗೇ ನಿಲ್ಲಿಸಿದರೆ ಕಥೆ ಸುಖಾಂತವಾಗುತ್ತದೆ. ಆದರೆ ಪಾಠ ಅರ್ಧವಾಗುತ್ತದೆ. ಲೀಡ್ಸ್‌ನ ಮೊದಲ ಸರದಿಯಲ್ಲಿ ಕರುಣ್ ಅವರು ಗಳಿಸಿದ್ದು ಸೊನ್ನೆ. ಆ ಪ್ರವಾಸದ ನಾಲ್ಕು ಟೆಸ್ಟ್‌ಗಳಲ್ಲಿ ಒಟ್ಟು 205 ಓಟ. ಐವತ್ತು ದಾಟಿದ್ದು ಓವಲ್‌ನಲ್ಲಿ ಒಮ್ಮೆ ಮಾತ್ರ. ಮುಂದಿನ ಸರಣಿಗೆ ಅವರ ಹೆಸರು ಬರಲಿಲ್ಲ. ಅವರು ಕರ್ನಾಟಕದ ತಂಡಕ್ಕೆ ಹಿಂದಿರುಗಿ ಆಟ ಮುಂದುವರಿಸಿದರು.

ಹಾಗಾದರೆ ಅಭ್ಯಾಸ ವ್ಯರ್ಥವಾಯಿತೆ? ಇದೇ ಪ್ರಶ್ನೆಯನ್ನು ಅರ್ಜುನನೂ ಆರನೆಯ ಅಧ್ಯಾಯದ ಕೊನೆಯಲ್ಲಿ ಕೇಳುತ್ತಾನೆ. ಶ್ರದ್ಧೆಯಿಂದ ಹೊರಟು ನಡುದಾರಿಯಲ್ಲಿ ಜಾರಿದವನು ಚದುರಿದ ಮೋಡದಂತೆ ಇತ್ತಲೂ ಇಲ್ಲದೆ ಅತ್ತಲೂ ಇಲ್ಲದೆ ನಾಶವಾಗುವನೆ ಎಂದು. ಒಳ್ಳೆಯದನ್ನು ಮಾಡುವವನಿಗೆ ಎಂದಿಗೂ ದುರ್ಗತಿಯಿಲ್ಲವೆಂದೂ, ಬಿಟ್ಟ ಕಡೆಯಿಂದಲೇ ಅವನ ಪ್ರಯತ್ನ ಮುಂದುವರಿಯುವುದೆಂದೂ ಶ್ರೀಕೃಷ್ಣನು ಅಭಯವಿತ್ತನು. ಅಭ್ಯಾಸದ ಜೊತೆಗೆ ವೈರಾಗ್ಯವನ್ನು ಹೇಳಿದ ಮರ್ಮ ಇಲ್ಲಿ ತಿಳಿಯುತ್ತದೆ. ಆಯ್ಕೆ, ಅದೃಷ್ಟ, ಕಾಲ, ಆರೋಗ್ಯ ಇವು ಸಾಧಕನ ಕೈಯಲ್ಲಿಲ್ಲ. ಪ್ರತಿದಿನದ ಪಾಠ ಅವನ ಕೈಯಲ್ಲಿದೆ. ಫಲವನ್ನೇ ಉಸಿರೆಂದು ನಂಬಿದವನು ಫಲ ತಪ್ಪಿದ ದಿನ ಅಭ್ಯಾಸವನ್ನೂ ಬಿಡುತ್ತಾನೆ. ಫಲದಿಂದ ತುಸು ದೂರ ನಿಂತವನು ಮರುದಿನವೂ ಎದ್ದು ಬರುತ್ತಾನೆ. ಆದುದರಿಂದ ವೈರಾಗ್ಯವು ಅಭ್ಯಾಸಕ್ಕೆ ವಿರೋಧಿಯಲ್ಲ, ಅದರ ಕಾವಲುಗಾರ.

ನಿತ್ಯಜೀವನದಲ್ಲಿ ಆಚರಣೆ

ಈ ವಿಚಾರವನ್ನು ಗೃಹಸ್ಥರೂ ವಿದ್ಯಾರ್ಥಿಗಳೂ ಆಚರಣೆಗೆ ತರಲು ಕೆಲವು ಸೂಚನೆಗಳು:

1. ಮಾತು ಸತ್ಯವಾಗಿರಲಿ. ‘ನನಗೆ ಎಲ್ಲವೂ ಬರುತ್ತದೆ’ ಎನ್ನುವುದಕ್ಕಿಂತ ‘ಇದು ನನಗೆ ಇನ್ನೂ ಬರುವುದಿಲ್ಲ, ಇಂದು ಇಷ್ಟನ್ನು ಕಲಿಯುವೆನು’ ಎನ್ನುವುದು ಬಲವಾದ ಮಾತು.

2. ಸಂಕಲ್ಪ ಸಣ್ಣದಾಗಿರಲಿ. ನಾಗಪುರದಲ್ಲಿ ಮರಾಠಿ, ಹಿಂದಿ, ಇಂಗ್ಲಿಷುಗಳ ನಡುವೆ ಬೆಳೆಯುವ ಮಗುವಿಗೆ ಕನ್ನಡ ಓದಲು ಬರಲಿಲ್ಲವೆಂದು ಕೊರಗುವ ಪಾಲಕರು ಅನೇಕರು. ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರಗಳು. ದಿನಕ್ಕೊಂದರಂತೆ ಕಲಿತರೆ ವಿಜಯದಶಮಿಯಂದು ತೊಡಗಿದ ಮಗು ಏಳು ವಾರಗಳಲ್ಲಿ ವರ್ಣಮಾಲೆಯನ್ನು ಮುಗಿಸುತ್ತದೆ.

3. ಕಾಲ ಮತ್ತು ಸ್ಥಳ ನಿಯತವಾಗಿರಲಿ. ದೇವರ ದೀಪ ಹಚ್ಚಿದ ಕೂಡಲೇ ಹತ್ತು ನಿಮಿಷವೆಂದು ಗೊತ್ತುಮಾಡಿದರೆ, ಮಾಡಲೋ ಬೇಡವೋ ಎಂಬ ಚರ್ಚೆಗೆ ಮನಸ್ಸಿಗೆ ಎಡೆ ಸಿಗದು.

4. ತಪ್ಪಿದ ದಿನಕ್ಕಾಗಿ ಎದೆಗುಂದಬಾರದು. ರಿಕರಿಂಗ್ ಠೇವಣಿಯಲ್ಲಿ ಒಂದು ಕಂತು ತಪ್ಪಿತೆಂದು ಯಾರೂ ಖಾತೆಯನ್ನೇ ಮುಚ್ಚುವುದಿಲ್ಲ; ಮುಂದಿನ ತಿಂಗಳು ಸೇರಿಸಿ ಕಟ್ಟುತ್ತಾರೆ. ಸಾಧನೆಯ ಖಾತೆಯೂ ಹಾಗೆಯೇ.

5. ತಿದ್ದುವವರ ಸಂಗವಿರಲಿ. ತಪ್ಪನ್ನೇ ಸಾವಿರ ಸಲ ಮಾಡಿದರೆ ತಪ್ಪೇ ಗಟ್ಟಿಯಾಗುತ್ತದೆ. 1993ರಲ್ಲಿ ಆ್ಯಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳನ್ನು ಪರಿಶೀಲಿಸಿದಾಗ, ಉತ್ತಮರೆನಿಸಿದವರು ಚಿಕ್ಕಂದಿನಿಂದ ಏಕಾಂತದಲ್ಲಿ ಹೆಚ್ಚು ಗಂಟೆಗಳ ಸಾಧನೆ ಮಾಡಿದ್ದರೆಂದು ಕಂಡುಬಂದಿತು. ಅದು ಗುರುಗಳು ಗೊತ್ತುಮಾಡಿದ, ಕುಂದನ್ನು ತಿದ್ದಿಕೊಳ್ಳಲೆಂದೇ ಕುಳಿತು ಮಾಡಿದ ಸಾಧನೆ.

6. ಮನೆಯ ಮಾತು ಹಿತವಾಗಿರಲಿ. ಮಗುವು ತನ್ನೊಳಗೆ ಆಡಿಕೊಳ್ಳುವ ಮಾತುಗಳು ಮೊದಲು ತಾಯಿತಂದೆಗಳ ಬಾಯಿಂದ ಬಂದವುಗಳೇ. ‘ನಿನ್ನ ಹಣೆಯಲ್ಲಿ ಬರೆದಿಲ್ಲ’ ಎಂದು ಒಮ್ಮೆ ಆಡಿದ್ದನ್ನು ಅದು ನಲವತ್ತು ವರ್ಷ ನೆನಪಿಟ್ಟುಕೊಂಡೀತು. ‘ನಿನ್ನೆಗಿಂತ ಇಂದು ಒಂದು ಸಾಲು ಹೆಚ್ಚು ಓದಿದೆ’ ಎಂಬ ನಿಜವಾದ ಮೆಚ್ಚುಗೆಯನ್ನೂ ಅಷ್ಟೇ ಕಾಲ ನೆನಪಿಟ್ಟುಕೊಳ್ಳುತ್ತದೆ.

ಸೀಮೋಲ್ಲಂಘನ

ವಿಜಯದಶಮಿಯ ಸಂಜೆ ಮಹಾರಾಷ್ಟ್ರದಲ್ಲಿ ಊರಿನ ಎಲ್ಲೆಯನ್ನು ದಾಟಿ ಬರುವ ಸಂಪ್ರದಾಯವನ್ನು ಸೀಮೋಲ್ಲಂಘನವೆನ್ನುತ್ತಾರೆ. ಬಳಿಕ ಆಪ್ಟಾ ಎಲೆಯನ್ನು ಚಿನ್ನವೆಂದು ಭಾವಿಸಿ ಒಬ್ಬರಿಗೊಬ್ಬರು ಕೊಡುತ್ತಾರೆ. ಉತ್ತರ ಕರ್ನಾಟಕದಲ್ಲಿಯೂ ಬನ್ನಿಯನ್ನು ಬಂಗಾರವೆಂದು ಹಂಚಿ, ಹಿರಿಯರ ಕಾಲಿಗೆರಗುವ ಪದ್ಧತಿಯುಂಟು. ಎಲೆಯು ನಿಜವಾಗಿ ಚಿನ್ನವಲ್ಲವೆಂಬುದು ಕೊಡುವವರಿಗೂ ಗೊತ್ತು, ಕೊಳ್ಳುವವರಿಗೂ ಗೊತ್ತು. ಆದರೂ ಬಂಗಾರದಂತೆ ಬಾಳೋಣವೆಂಬ ಆ ಹಾರೈಕೆ ಸುಳ್ಳಲ್ಲ. ಹಾಗೆ ಬಾಳುವ ಹೊಣೆಯನ್ನು ಅದು ಇಬ್ಬರ ಮೇಲೂ ಹೊರಿಸುತ್ತದೆ. ಮನಸ್ಸಿಗೆ ಹೇಳುವ ಒಳ್ಳೆಯ ಮಾತೂ ಕೈಗೆ ಬಂದಾಗ ಹಸಿರೆಲೆಯಷ್ಟೇ. ಅದನ್ನು ಚಿನ್ನವಾಗಿಸುವುದು ಮರುದಿನ ಬೆಳಗಿನಿಂದ ತೊಡಗುವ ಅಭ್ಯಾಸ.

ಊರಿನ ಸೀಮೆಯನ್ನು ದಾಟುವುದಕ್ಕೆ ಒಂದು ಸಂಜೆ ಸಾಕು. ‘ನನ್ನಿಂದಾಗದು’ ಎಂಬ ಒಳಗಿನ ಸೀಮೆಯನ್ನು ದಾಟಲು ಅನೇಕ ಬೆಳಗುಗಳು ಬೇಕು. ಗೋದಾವರಿಯ ಉತ್ತರ ತೀರದಲ್ಲಿ ನೆಲಸಿ, ದಕ್ಷಿಣ ತೀರದ ನುಡಿಯನ್ನೂ ಆಚಾರವನ್ನೂ ಉಳಿಸಿಕೊಂಡು ಬಂದಿರುವ ಬಂಧುಗಳು ಈ ದಸರೆಯಂದು ಸಣ್ಣದಾದರೂ ಸತ್ಯವಾದ ಒಂದು ಸಂಕಲ್ಪವನ್ನು ಮಾಡಿ, ಅದನ್ನು ಮುಂದಿನ ದಸರೆಯವರೆಗೆ ಕಡಿಯದಂತೆ ನಡೆಸಲಿ. ಫಲವು ಜಗನ್ಮಾತೆ ಶ್ರೀ ಚಾಮುಂಡೇಶ್ವರಿಯ ಚಿತ್ತ. ಪ್ರಯತ್ನವು ನಮ್ಮ ಭಾಗ. ತಾಯಿಯು ಸರ್ವರಿಗೂ ಅಭ್ಯಾಸದಲ್ಲಿ ನಿಷ್ಠೆಯನ್ನೂ, ಫಲದಲ್ಲಿ ಸಮಚಿತ್ತವನ್ನೂ ಕರುಣಿಸಲಿ.